ಗದಗಿನಲ್ಲಿ ಒಂದೇ ದಿನ: ಯಾವ ಗುಡಿ ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಇಷ್ಟು ಹತ್ತಿರ ಇದ್ದೂ ಗದಗವನ್ನು ಸರಿಯಾಗಿ ನೋಡಿಲ್ಲ. ಹಿಂದೊಮ್ಮೆ ಲಕ್ಕುಂಡಿಗೆ ಹೋಗಿ ಅರ್ಧ ಗಂಟೆಯಲ್ಲಿ ಹೊರಬಿದ್ದೆವು. ನಿಜ ಹೇಳಬೇಕೆಂದರೆ ಎಲ್ಲ ಗುಡಿಯೂ ಒಂದೇ ಥರ ಕಂಡವು. ಈಗ ರಜೆಗೆ ನೆಂಟರು ಬರುತ್ತಿದ್ದಾರೆ. ಒಂದು ದಿನ, ಒಂದು ಕಾರು. ಜೊತೆಗೆ ಮೊಣಕಾಲು ನೋವಿರುವ ತಾಯಿ, ಒಂಬತ್ತನೇ ತರಗತಿಯ ಮಗಳು. ಮೊಬೈಲ್‌ನಲ್ಲಿ ಹುಡುಕಿದರೆ ಹದಿನೆಂಟು ಜಾಗಗಳ ಪಟ್ಟಿ ಬರುತ್ತದೆ. ಎಲ್ಲಿಂದ ಶುರು ಮಾಡಬೇಕು, ಏನನ್ನು ನೋಡಬೇಕು?

ಉತ್ತರ: ಹದಿನೆಂಟರಲ್ಲಿ ಹದಿಮೂರನ್ನು ಈಗಲೇ ಹೊಡೆದುಹಾಕಿ. ಉಳಿದ ಐದೇ ಒಂದು ದಿನಕ್ಕೆ ಜಾಸ್ತಿ.

ಎಲ್ಲವೂ ಒಂದೇ ಥರ ಕಂಡವು ಅಂದಿರಲ್ಲ, ಅದರಲ್ಲಿ ನಿಮ್ಮ ಕಣ್ಣಿನ ತಪ್ಪೇನೂ ಇಲ್ಲ. ನೋಡಿದ ಕ್ರಮ ತಪ್ಪು. ಹುಬ್ಬಳ್ಳಿಯಿಂದ ಬರುವವರೆಲ್ಲ ಮಾಡುವುದು ಹೀಗೆ: ಮೊದಲು ಗದಗ ಪೇಟೆಯ ಗುಡಿಗಳು, ಊಟ, ಆಮೇಲೆ ಸುಡುವ ಬಿಸಿಲಲ್ಲಿ ಲಕ್ಕುಂಡಿ. ಕೊನೆಗೆ ಕಟ್ಟಿದ್ದನ್ನು ಮೊದಲು ನೋಡಿ ಮೊದಲು ಕಟ್ಟಿದ್ದನ್ನು ಕೊನೆಗೆ ನೋಡಿದರೆ ಏನು ಬದಲಾಯಿತು ಅನ್ನುವುದೇ ತಿಳಿಯುವುದಿಲ್ಲ. ಗದಗ ಸೀಮೆಯ ವಿಶೇಷವೇ ಈ ಬದಲಾವಣೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಹೊಸ ಕಲ್ಲೊಂದನ್ನು ಕೈಗೆತ್ತಿಕೊಂಡು, ಸುಮಾರು ಒಂದೂವರೆ ಶತಮಾನದಲ್ಲಿ ಅದರ ಎಲ್ಲ ಸಾಧ್ಯತೆಗಳನ್ನೂ ತೀರಿಸಿಬಿಟ್ಟದ್ದು ಇಲ್ಲಿ, ಕಾರಿನಲ್ಲಿ ಒಂದು ಗಂಟೆಯ ಸುತ್ತಳತೆಯೊಳಗೆ. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು ಗದಗಿನಲ್ಲಿ ಇಳಿಯದೆ ನೇರವಾಗಿ ಲಕ್ಕುಂಡಿಗೆ ಹೋಗಿ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಅಲ್ಲಿಂದ ಹೊಸಪೇಟೆ ರಸ್ತೆಯಲ್ಲಿ ಇನ್ನೊಂದು 12 ಕಿ.ಮೀ. ಲಕ್ಕುಂಡಿ ಆದ ಮೇಲೆ ದಂಬಳ, ಸಂಜೆಗೆ ಗದಗ, ರಾತ್ರಿ ಊಟಕ್ಕೆ ಮನೆ.

ಲಕ್ಕುಂಡಿಯಲ್ಲಿ ಮೊದಲು ಬ್ರಹ್ಮ ಜಿನಾಲಯ. ಊರಿನ ದೊಡ್ಡ ಬಸದಿ ಅಂದರೆ ಯಾರಾದರೂ ತೋರಿಸುತ್ತಾರೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಈ ಹೆಣ್ಣುಮಗಳ ಬಗ್ಗೆ ಮಗಳಿಗೆ ಮೊದಲೇ ಹೇಳಿಡಿ. ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದವಳು. ಪೊನ್ನನ ಶಾಂತಿಪುರಾಣ ನಶಿಸಿಹೋಗಬಾರದೆಂದು ಓಲೆಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಇವತ್ತು ಕನ್ನಡದ ಎಷ್ಟು ಕವನ ಸಂಕಲನಗಳು ಸಾವಿರ ಪ್ರತಿ ಅಚ್ಚಾಗುತ್ತವೆ, ನೀವೇ ಹೇಳಿ.

ಬಸದಿಯ ಹೊರಗೋಡೆ ನೋಡಿ ನಿಮ್ಮವರು 'ಇಷ್ಟೇನಾ' ಅನ್ನಬಹುದು. ಅನ್ನಲಿ. ಗೋಡೆ ಬಹುಮಟ್ಟಿಗೆ ಬೋಳು. ಚೌಕಾಕಾರದ ಶಿಖರ ಅಂತಸ್ತು ಅಂತಸ್ತಾಗಿ ನೆಟ್ಟಗೆ ಏರುತ್ತದೆ. ಆದರೆ ಗೋಡೆಗೆ ಹತ್ತಿರ ಹೋಗಿ ಕಲ್ಲಿನ ಮೇಲೆ ಕಣ್ಣಿಡಿ. ಬಾದಾಮಿ, ಪಟ್ಟದಕಲ್ಲು ನೋಡಿದ್ದರೆ ಅಲ್ಲಿನ ಕೆಂಪು ಮರಳುಗಲ್ಲು ನೆನಪಿರುತ್ತದೆ. ಇದು ಅದಲ್ಲ. ಇದು ಹಸಿರು ಛಾಯೆಯ ಬೂದು ಬಣ್ಣದ, ಕಣ ಕಣವಾಗಿ ಉದುರದ ನುಣುಪು ಕಲ್ಲು. ನಾವು ಬಳಪದ ಕಲ್ಲು ಅನ್ನುವ ಜಾತಿಯದು. ಈ ಸೀಮೆಯಲ್ಲಿ ಈ ಕಲ್ಲಿನಿಂದ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಇದೊಂದು.

ಮರಳುಗಲ್ಲು ದೊಡ್ಡ ದೊಡ್ಡ ದಿಂಡುಗಳಲ್ಲಿ ಸಿಗುತ್ತದೆ. ದೊಡ್ಡ ಮೂರ್ತಿಗೆ ಅದು ಹೇಳಿ ಮಾಡಿಸಿದ್ದು, ಆದರೆ ತೀರಾ ಸಣ್ಣ ಕೆಲಸಕ್ಕೆ ಕೈಕೊಡುತ್ತದೆ. ಉಗುರಿನಷ್ಟು ಗಾತ್ರದ ಮೂಗು ಕೆತ್ತಲು ಹೋದರೆ ಕಣ ಉದುರಿ ಮೂಗೇ ಹೋಗುತ್ತದೆ. ಬಳಪದ ಕಲ್ಲಿನ ಪದರ ತೆಳು, ಹಾಗಾಗಿ ದಿಂಡು ಚಿಕ್ಕದು, ಗೋಡೆಯ ವರಸೆಗಳೂ ಚಿಕ್ಕವು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೆತ್ತಗೆ ಇರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಶಿಲ್ಪಿಗೆ ಇದಕ್ಕಿಂತ ಇನ್ನೇನು ಬೇಕು? ಆದರೂ 1007ರ ಶಿಲ್ಪಿಯ ಕೈಯಲ್ಲಿ ಕಲ್ಲು ಹೊಸದು, ಅಭ್ಯಾಸ ಹಳೆಯದು. ಅದಕ್ಕೇ ಗೋಡೆ ಬೋಳು. ಒಳಮಂಟಪದಲ್ಲಿ ಮಾತ್ರ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ನುಣುಪಾದ ಮೂರ್ತಿಗಳಿವೆ. ಅವು ಮುಂದೆ ಏನು ಬರಲಿದೆ ಅನ್ನುವುದರ ಮುನ್ಸೂಚನೆ. ಬಸದಿಯ ಹತ್ತಿರವೇ ಪುರಾತತ್ವ ಇಲಾಖೆಯ ಶಿಲ್ಪಗಳ ಸಂಗ್ರಹಾಲಯ ಇದೆ. ರಜೆ ದಿನ ಯಾವುದೆಂದು ವಿಚಾರಿಸಿಕೊಂಡು ಹೋಗಿ.

ಅಲ್ಲಿಂದ ಕಾಶಿವಿಶ್ವೇಶ್ವರ. ಇಡೀ ದಿನದ ಹೆಚ್ಚಿನ ಹೊತ್ತನ್ನು ಇಲ್ಲಿಗೇ ಕೊಡಿ. ಆದರೆ ಒಳಗೆ ಹೋಗುವ ಮೊದಲು ಪಕ್ಕದ ನನ್ನೇಶ್ವರ ಗುಡಿಯನ್ನು ಐದು ನಿಮಿಷ ನೋಡಿ ಬನ್ನಿ. ಅದೇ ಬಗೆಯ ಕಟ್ಟೋಣ, ಆದರೆ ಸಾದಾ. ಅಲ್ಲಿಂದ ತಿರುಗಿ ಕಾಶಿವಿಶ್ವೇಶ್ವರದ ಮುಂದೆ ನಿಂತರೆ ಯಾರೂ ಭಾಷಣ ಮಾಡಬೇಕಿಲ್ಲ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಒಂದೇ ಜಗತಿಯ, ಅಂದರೆ ಎತ್ತರದ ಕಲ್ಲಿನ ಕಟ್ಟೆಯ ಮೇಲೆ ಎರಡು ಗುಡಿಗಳು ಎದುರುಬದುರು. ಪೂರ್ವಕ್ಕೆ ಮುಖ ಮಾಡಿದ್ದು ಶಿವನದು, ಪಶ್ಚಿಮಕ್ಕೆ ಮುಖ ಮಾಡಿದ ಚಿಕ್ಕದು ಸೂರ್ಯನದು. ಬಸದಿಯಲ್ಲಿ ಬೋಳಾಗಿದ್ದ ಗೋಡೆಯ ಜಾಗದಲ್ಲಿ ಇಲ್ಲಿ ಅಂಗೈಯಗಲ ಖಾಲಿ ಬಿಟ್ಟಿಲ್ಲ. ಗೋಡೆಯ ಮೇಲೆಯೇ ಪುಟ್ಟ ಪುಟ್ಟ ಶಿಖರಗಳಿವೆ, ಗುಡಿಯೊಳಗೆ ಗುಡಿ ಇಟ್ಟಹಾಗೆ. ಅವುಗಳಲ್ಲಿ ಎರಡು ಜಾತಿ: ಮೆಟ್ಟಿಲು ಮೆಟ್ಟಿಲಾಗಿ ಏರುವವು ನಮ್ಮ ದ್ರಾವಿಡ ಮಾದರಿ, ಬಿಲ್ಲಿನಂತೆ ಬಾಗಿ ಏರುವವು ಉತ್ತರದ ನಾಗರ ಮಾದರಿ. ಉತ್ತರದಲ್ಲಿ ಶಿಖರ ಹೇಗೆ ಕಟ್ಟುತ್ತಾರೆ ಅನ್ನುವುದು ಲಕ್ಕುಂಡಿಯ ಶಿಲ್ಪಿಗೆ ಗೊತ್ತಿತ್ತು, ಗೊತ್ತಿದೆ ಅಂತ ತೋರಿಸುವ ಉತ್ಸಾಹವೂ ಇತ್ತು. ಮಗಳಿಗೆ ಈ ಎರಡು ಜಾತಿ ಹುಡುಕುವ ಕೆಲಸ ಹಚ್ಚಿಬಿಡಿ, ಅರ್ಧ ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ.

ನೀವು ಮಾತ್ರ ಬಾಗಿಲುವಾಡ ಬಿಟ್ಟು ಕದಲಬೇಡಿ. ದಕ್ಷಿಣದ ಬಾಗಿಲಿನ ಪಕ್ಕದಲ್ಲಿ ಮುಖ ಗೋಡೆಗೆ ತಾಗುವಷ್ಟು ಹತ್ತಿರ ನಿಂತು, ಎದುರಿನಿಂದಲ್ಲ, ಓರೆಯಿಂದ ನೋಡಿ. ಚೌಕಟ್ಟಿನ ಸುತ್ತ ಪಟ್ಟಿಯ ಮೇಲೆ ಪಟ್ಟಿ, ಒಂದೊಂದರಲ್ಲೂ ಬೇರೆ ಬೇರೆ ಕೆತ್ತನೆ. ಸುರುಳಿ ಸುತ್ತಿದ ಬಳ್ಳಿಯ ಪಟ್ಟಿಯಲ್ಲಿ ಬಳ್ಳಿಯ ಹಿಂದಿನ ಕಲ್ಲನ್ನೂ ಕೊರೆದು ತೆಗೆದಿದ್ದಾರೆ. ಹೀಗಾಗಿ ಬಳ್ಳಿ ಹಿನ್ನೆಲೆಯಿಂದ ಎದ್ದು ನಿಂತು, ಅದರ ಹಿಂದೆ ಗಟ್ಟಿ ಕಪ್ಪು ನೆರಳು ಕೂತಿರುತ್ತದೆ. ಆ ನೆರಳೇ ಅಲ್ಲಿನ ಅರ್ಧ ಚಿತ್ರ. ಮರಳುಗಲ್ಲಿನಲ್ಲಿ ಈ ಸಾಹಸ ಮಾಡಿದ್ದರೆ ಮೊದಲ ಮಳೆಗಾಲಕ್ಕೇ ಮುರಿದು ಬೀಳುತ್ತಿತ್ತು. ಚಳಿಗಾಲದಲ್ಲಿ ದಕ್ಷಿಣದ ಗೋಡೆಗೆ ದಿನವಿಡೀ ಓರೆ ಬಿಸಿಲು ಸಿಗುವುದರಿಂದ ನವೆಂಬರಿನಿಂದ ಫೆಬ್ರುವರಿವರೆಗೆ ಈ ಕೆತ್ತನೆ ಚೆನ್ನಾಗಿ ಕಾಣುತ್ತದೆ. ನಡುಬೇಸಿಗೆಯಲ್ಲಿ ಹೋದರೆ ಕೆತ್ತನೆಯೂ ಚಪ್ಪಟೆ, ನೀವೂ ಚಪ್ಪಟೆ.

ಒಳಗಿನ ಕಂಬಗಳು ಇನ್ನೊಂದು ಕಥೆ. ಗುಂಡಗೆ, ಬಳೆ ಬಳೆಯಾಗಿ, ಗಂಟೆಯ ಆಕಾರದ ಉಬ್ಬು ತಗ್ಗುಗಳೊಂದಿಗೆ ಥಳಥಳ ಹೊಳೆಯುವ ಇವು ತಿರುಗಣಿ ಕಂಬಗಳು. ಕಲ್ಲಿನ ದಿಂಡನ್ನು ಅಚ್ಚಿನ ಮೇಲೆ ಕೂರಿಸಿ ತಿರುಗಿಸುತ್ತ, ಹರಿತವಾದ ಉಳಿಯನ್ನು ಒತ್ತಿ ಹಿಡಿದು ತೆಗೆದ ಆಕಾರ. ಇವತ್ತು ಲೇತ್ ಮಶಿನ್ ಮಾಡುವ ಕೆಲಸವೇ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಟರ್ನರ್ ಕೆಲಸ ಮಾಡುವವರು ಯಾರಾದರೂ ಪರಿಚಯವಿದ್ದರೆ ಅವರನ್ನೇ ಕರೆದುಕೊಂಡು ಹೋಗಿ. ಬಳೆಗಳ ಅಂಚು ನೋಡಿ ಅವರು ಹೇಳುವ ಮಾತು ನನ್ನಂಥ ಇತಿಹಾಸದ ಮೇಷ್ಟರ ಪಾಠಕ್ಕಿಂತ ರುಚಿಯಾಗಿರುತ್ತದೆ. ಕಂಬದಲ್ಲಿ ನಿಮ್ಮ ಪ್ರತಿಬಿಂಬ ಮಸುಕಾಗಿ ಕಂಡರೆ ಆಶ್ಚರ್ಯ ಬೇಡ. ಮುಟ್ಟಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ, ಕೈಯ ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ.

ಇಷ್ಟು ಚಿಕ್ಕ ಊರಿಗೆ ಇಷ್ಟು ಗುಡಿ ಯಾಕೆ ಅಂತ ನೆಂಟರು ಕೇಳಿಯೇ ಕೇಳುತ್ತಾರೆ. ಆಗಿನ ಲೊಕ್ಕಿಗುಂಡಿ ಚಿಕ್ಕ ಊರಾಗಿರಲಿಲ್ಲ. ಇಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಊರಿನ ಹೆಸರೇ ಅಂಟಿದೆ. ಸೆಟ್ಟಿಗಳ ದುಡ್ಡು, ಅಧಿಕಾರಿಗಳ ದುಡ್ಡು, ಅರಮನೆಯ ದುಡ್ಡು ಮೂರೂ ಕೂಡಿದ ಜಾಗ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವುದು ಊರವರ ಲೆಕ್ಕ. ಅಷ್ಟನ್ನು ಹುಡುಕಲು ಹೋಗಬೇಡಿ, ಬಾವಿಗಳಲ್ಲಿ ಒಂದನ್ನು ನೋಡಿದರೆ ಸಾಕು: ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲಿಳಿಯುತ್ತ ಹೋದಂತೆ ಗೋಡೆಯಲ್ಲಿ ಸಾಲಾಗಿ ಪುಟ್ಟ ಗೂಡುಗಳು. ತಾಯಿಯವರನ್ನು ಮೇಲೆಯೇ ಮಾಣಿಕೇಶ್ವರದ ನೆರಳಿನಲ್ಲಿ ಕೂರಿಸಿ, ಆ ಮೆಟ್ಟಿಲು ಮೊಣಕಾಲಿಗಲ್ಲ. ಬಾವಿಯ ಪೂರ್ತಿ ಚೆಲುವು ಮೇಲಿನಿಂದಲೂ ಕಾಣುತ್ತದೆ.

ಲಕ್ಕುಂಡಿಯ ಇನ್ನೆಲ್ಲ ಗುಡಿಗಳನ್ನೂ ಬಿಡಿ. ಮನೆಗಳ ಹಿತ್ತಲಿಗೆ ಗೋಡೆ ಹಂಚಿಕೊಂಡು ನಿಂತ ಗುಡಿಗಳು ನಡೆಯುವಾಗ ತಾವಾಗಿಯೇ ಕಣ್ಣಿಗೆ ಬೀಳುತ್ತವೆ, ಬಿದ್ದಷ್ಟು ನೋಡಿ. ಇಷ್ಟರಲ್ಲಿ ಯಾರಾದರೂ ಬಂದು 'ಇದೆಲ್ಲ ಜಕಣಾಚಾರಿ ಕೆತ್ತಿದ್ದು' ಅಂತ ಹೇಳಿರುತ್ತಾರೆ. ತಲೆಯಾಡಿಸಿ. ಬಸದಿಗೂ ಮುಂದೆ ನೋಡಲಿರುವ ದಂಬಳಕ್ಕೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳಿವೆ. ಎರಡನ್ನೂ ಅವನೇ ಕೆತ್ತಿದ್ದರೆ ಅವನಿಗೆ ಗುಡಿಗಿಂತ ಆಯುಷ್ಯವೇ ದೊಡ್ಡ ಸಾಧನೆ.

ದಂಬಳಕ್ಕೆ ಲಕ್ಕುಂಡಿಯಿಂದ ಹಳ್ಳಿ ರಸ್ತೆ ಹಿಡಿಯಬಹುದು. ಚಾಲಕ ಮುಖ ಸಿಂಡರಿಸಿದರೆ ಗದಗಕ್ಕೆ ಮರಳಿ ಮುಂಡರಗಿ ರಸ್ತೆಯಲ್ಲಿ ಹೋಗಿ, 20 ಕಿ.ಮೀ. ಆಸುಪಾಸು. ದಾರಿಯಲ್ಲಿ ಕಪ್ಪತಗುಡ್ಡದ ಸಾಲು, ಮೇಲೆ ಗಾಳಿಯಂತ್ರಗಳು. ಊಟವನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ. ದಂಬಳದಲ್ಲಿ ಹೋಟೆಲ್ ಹುಡುಕುತ್ತ ಕೂರಬೇಡಿ. ಗದಗಿನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣಗಾಯಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಕೆನೆಮೊಸರು. ಹುಬ್ಬಳ್ಳಿಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಬೆಂಗಳೂರಿನ ನೆಂಟರಿದ್ದರೆ ಖಾರದ ಬಗ್ಗೆ ಮೊದಲೇ ಎಚ್ಚರಿಸಿ.

ದಂಬಳದ ದೊಡ್ಡಬಸಪ್ಪನ ಗುಡಿಯನ್ನು ಮಗಳಿಗಾಗಿ ಸೇರಿಸಿದ್ದೇನೆ. ಇಲ್ಲಿ ಗರ್ಭಗುಡಿಯ ಹೊರಗೋಡೆ ಚೌಕವೂ ಅಲ್ಲ, ದುಂಡಗೂ ಅಲ್ಲ: 24 ಮೂಲೆಗಳ ನಕ್ಷತ್ರ. ಹಿಂದಿನ ರಾತ್ರಿ ಮನೆಯಲ್ಲಿ ಒಂದು ರಟ್ಟಿನ ಚೌಕ ಕತ್ತರಿಸಿ ನಡುವೆ ಗುಂಡುಪಿನ್ನು ಚುಚ್ಚಲು ಹೇಳಿ. ಕಾಗದದ ಮೇಲೆ ಇಟ್ಟು ಅಂಚಿನ ಗೆರೆ ಎಳೆಯಲಿ, 15 ಡಿಗ್ರಿ ತಿರುಗಿಸಿ ಮತ್ತೆ ಎಳೆಯಲಿ. ಹೀಗೆ ಆರು ಚೌಕಗಳಾದರೆ ಏಳನೆಯದು ಮೊದಲನೆಯದರ ಮೇಲೆಯೇ ಬಂದು ಕೂರುತ್ತದೆ. ಆರು ಚೌಕ, ತಲಾ ನಾಲ್ಕು ಮೂಲೆ, ಒಟ್ಟು 24. ಆ ಕಾಗದ ಹಿಡಿದುಕೊಂಡು ಗುಡಿಯ ಸುತ್ತ ಬಂದರೆ ಅವಳೇ ಎಲ್ಲರಿಗೂ ವಿವರಿಸುತ್ತಾಳೆ. ಎಣಿಸಿದರೆ 24 ಸಿಗುವುದಿಲ್ಲ ಅಂತ ತಕರಾರು ತೆಗೆಯಬಹುದು. ಸರಿಯೇ, ಮಂಟಪ ಬಂದು ಕೂಡುವ ಕಡೆ ಕೆಲವು ಮೂಲೆಗಳು ಒಳಗೆ ಸೇರಿಹೋಗಿವೆ. ಎಷ್ಟು ಹೋಗಿವೆ ಅನ್ನುವುದನ್ನು ಅವಳ ಕಾಗದದಿಂದಲೇ ಲೆಕ್ಕ ಹಾಕಲಿ.

ನಕ್ಷತ್ರಾಕಾರದ ಗುಡಿಗಳು ಬೇಲೂರು ಕಡೆಯೂ ಇವೆ. ಆದರೆ ಅಲ್ಲಿ ನಡುನಡುವೆ ನೇರ ಗೋಡೆಯ ತುಂಡುಗಳು ಬಂದು ನಕ್ಷತ್ರವನ್ನು ಮುರಿಯುತ್ತವೆ. ಇಲ್ಲಿ ಎಲ್ಲೂ ತಡೆಯಿಲ್ಲ, ಮೂಲೆಯ ಮೇಲೆ ಮೂಲೆ. ಬುಡದ ಅಡಿಗಟ್ಟಿನಿಂದ ಶಿಖರದ ತುದಿಯವರೆಗೆ ಅದೇ ಮಡಿಕೆಗಳು ಹಾಗೇ ಏರಿಹೋಗುತ್ತವೆ. ಗೋಡೆಯಲ್ಲಿ ದೇವತೆಗಳ ಸಾಲು ಹುಡುಕಬೇಡಿ. ಈ ಗುಡಿಯ ಅಲಂಕಾರ ಅಂದರೆ ಬೆಳಕು ಮತ್ತು ನೆರಳಿನ ಲಂಬ ಗೆರೆಗಳೇ. ಕಾಶಿವಿಶ್ವೇಶ್ವರದಲ್ಲಿ ಕೈಚಳಕ ಮೇಲು, ಇಲ್ಲಿ ತಲೆ ಮೇಲು. ನನ್ನ ಮಟ್ಟಿಗೆ ಈ ಸೀಮೆಯ ಅತ್ಯಂತ ಬುದ್ಧಿವಂತ ಕಟ್ಟಡ ಇದೇ. ಇದನ್ನು ಹೇಳಿದಾಗ ಲಕ್ಕುಂಡಿಯ ಗೆಳೆಯರು ಸಿಟ್ಟಾಗುತ್ತಾರೆ, ಆಗಲಿ. ಒಳಗೆ ಗುಡಿಗೆ ಹೆಸರು ತಂದ ದೊಡ್ಡ ಬಸವಣ್ಣ ಇದ್ದಾನೆ, ತಾಯಿಯವರಿಗೆ ಪೂಜೆಯೂ ಆಗುತ್ತದೆ.

ದಂಬಳದ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ: ಆಗ ಧರ್ಮವೊಳಲು ಎನಿಸಿದ್ದ ಈ ಊರಿನ 1095ರ ಶಾಸನವೊಂದು ಬೌದ್ಧರ ದೇವತೆ ತಾರಾದೇವಿಯ ಸ್ತುತಿಯನ್ನೂ ಬೌದ್ಧ ವಿಹಾರವನ್ನೂ ಹೇಳುತ್ತದೆ. ಕಟ್ಟಿಸಿದವರು ಸೆಟ್ಟಿಗಳು, ಅದರಲ್ಲಿ ಲೊಕ್ಕಿಗುಂಡಿಯ ಸೆಟ್ಟಿಯ ಹೆಸರೂ ಬರುತ್ತದೆ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಕರ್ನಾಟಕದಲ್ಲಿ ಬೌದ್ಧರು ಇನ್ನೂ ಗಟ್ಟಿಯಾಗಿ ಇದ್ದರು ಅನ್ನುವುದಕ್ಕೆ ಇದು ಸಾಕ್ಷಿ. ಬೆಳಿಗ್ಗೆ ಬಸದಿ, ಮಧ್ಯಾಹ್ನ ಶಿವ, ನಡುವೆ ಬುದ್ಧ. ಎಲ್ಲಕ್ಕೂ ದುಡ್ಡು ಕೊಟ್ಟದ್ದು ಇದೇ ವ್ಯಾಪಾರದ ದಾರಿ.

ನಾಲ್ಕು ಗಂಟೆಯ ಹೊತ್ತಿಗೆ ಗದಗ ಮುಟ್ಟಿದರೆ ತ್ರಿಕೂಟೇಶ್ವರಕ್ಕೆ ಸಾಕಷ್ಟು ಬೆಳಕಿರುತ್ತದೆ. ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರ ಹೆಸರಿನ ಮೂರು ಲಿಂಗಗಳು. ಮಂಟಪದ ಸುತ್ತ ಹಿಂದಕ್ಕೆ ಒರಗಿಕೊಳ್ಳುವಂತೆ ಓರೆ ಮಾಡಿದ ಕಲ್ಲಿನ ಆಸನಗಳಿವೆ. ದಿನವಿಡೀ ನಡೆದ ತಾಯಿಗೆ ಒಂಬೈನೂರು ವರ್ಷದ ಹಿಂದೆ ಯಾರೋ ಮಾಡಿಟ್ಟ ಅನುಕೂಲ.

ಅವರು ಕೂತಿರುವಾಗ ಈ ಕಥೆ ಹೇಳಿ. ಇಲ್ಲಿನ 1191ರ ಶಾಸನದಲ್ಲಿ ದೇವಗಿರಿಯ ಸೇವುಣ ದೊರೆ ಭಿಲ್ಲಮ ಈ ತ್ರಿಕೂಟೇಶ್ವರನಿಗೆ ದಾನ ಕೊಡುತ್ತಾನೆ. 1192ರ ಶಾಸನದಲ್ಲಿ ದಾನ ಕೊಡುವವನು ಹೊಯ್ಸಳ ವೀರಬಲ್ಲಾಳ. ದೇವರು ಅದೇ, ಗುಡಿ ಅದೇ, ಒಡೆಯ ಬೇರೆ. ನಡುವೆ ಗದಗಿನ ಹತ್ತಿರದ ಸೊರಟೂರಿನಲ್ಲಿ ಕಾಳಗ ನಡೆದು ಭಿಲ್ಲಮ ಸೋತಿದ್ದ, ಬಲ್ಲಾಳ ಲೊಕ್ಕಿಗುಂಡಿಯಲ್ಲಿ ಬೀಡು ಬಿಟ್ಟಿದ್ದ. ಗೆದ್ದವನು ಮೊದಲು ಮಾಡುವ ಕೆಲಸ ಊರಿನ ದೊಡ್ಡ ದೇವರಿಗೆ ದತ್ತಿ ಬಿಡುವುದು. ಚುನಾವಣೆ ಗೆದ್ದವರು ಮಠಕ್ಕೆ ಹೋಗುವುದನ್ನು ನೋಡುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಆವರಣದ ದಕ್ಷಿಣಕ್ಕಿರುವ ಸರಸ್ವತಿ ಗುಡಿಗೆ ಮರೆಯದೆ ಹೋಗಿ. ಹಳೆಯ ಮೂರ್ತಿ ಭಗ್ನವಾಗಿದೆ, ಜನ ಇಣುಕಿ ನೋಡಿ ಹೊರಟುಬಿಡುತ್ತಾರೆ. ನೋಡಬೇಕಾದದ್ದು ಕಂಬಗಳನ್ನು. ಲಕ್ಕುಂಡಿಯಲ್ಲಿ ತಿರುಗಣಿಯ ಬಳೆಗಳನ್ನು ನೋಡಿದ್ದಿರಲ್ಲ, ಇಲ್ಲಿ ಅದೇ ಕಂಬದ ಮೈಯನ್ನು ಮತ್ತೆ ಉಳಿಗೆ ಒಪ್ಪಿಸಿದ್ದಾರೆ. ಮೈ ತುಂಬ ಪುಟಾಣಿ ಗೂಡುಗಳು, ಗೂಡಿನ ಮೇಲೆ ಪುಟಾಣಿ ಶಿಖರಗಳು, ಒಳಗೆ ಹೆಬ್ಬೆರಳಿನಷ್ಟು ಎತ್ತರದ ಆಕೃತಿಗಳು. ಬೆಳಿಗ್ಗೆಯ ಬೋಳು ಗೋಡೆಯಿಂದ ಹೊರಟ ದಾರಿ ಇಲ್ಲಿಗೆ ಮುಟ್ಟಿತು. ಇದರಿಂದಾಚೆ ಹೋಗಲು ಕಲ್ಲಿಗೂ ದಾರಿಯಿರಲಿಲ್ಲ. ಹಳೇಬೀಡಿನವರು ಇಲ್ಲಿಂದಲೇ ಮುಂದುವರಿಸಿದರು ಅನ್ನುವುದು ಇದನ್ನು ನೋಡಿದ ಮೇಲೆ ಒಪ್ಪಿಗೆಯಾಗುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣದು.

ಕೊನೆಗೆ ವೀರನಾರಾಯಣ, ಅದೂ ದೀಪ ಹಚ್ಚುವ ಹೊತ್ತಿಗೆ. ಹೊಯ್ಸಳ ವಿಷ್ಣುವರ್ಧನ ಸ್ಥಾಪಿಸಿದ ಪಂಚ ನಾರಾಯಣರಲ್ಲಿ ಒಂದು ಎಂಬ ಐತಿಹ್ಯ ಇದಕ್ಕಿದೆ, ಎದುರಿನ ಗೋಪುರ ವಿಜಯನಗರದ ಬಗೆಯದು. ಕೆತ್ತನೆಯ ಕಣ್ಣನ್ನು ಇಲ್ಲಿ ಪಕ್ಕಕ್ಕಿಡಿ. ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ಒಂದು ಕಂಬಕ್ಕೆ ಒರಗಿ ಕೂತು ಭಾರತ ಬರೆದದ್ದು ಇಲ್ಲಿಯೇ ಎಂದು ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂತು, ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ಗದಗಿನ ಬೇಸಿಗೆಯಲ್ಲಿ ಬಟ್ಟೆ ಎಷ್ಟು ಬೇಗ ಆರುತ್ತದೆ ಅನ್ನುವುದು ಗೊತ್ತಿರುವ ನನಗೆ, ಹತ್ತು ಪರ್ವಗಳು ಹೇಗೆ ಮುಗಿದವು ಅನ್ನುವುದೇ ಸೋಜಿಗ. ಕವಿಯ ಊರು ಕೋಳಿವಾಡ, ನಿಮ್ಮ ಹುಬ್ಬಳ್ಳಿ ತಾಲ್ಲೂಕಿನದೇ. ತಾಯಿಯವರಿಗೆ ಭಾಮಿನಿ ಷಟ್ಪದಿಯ ನಾಲ್ಕು ಪದ್ಯ ಬಾಯಿಗೆ ಬರುತ್ತಿದ್ದರೆ ಆ ಕಂಬದ ಪಕ್ಕ ಕೂತು ಹೇಳಿಸಿ. ಗಮಕದ ಅಭ್ಯಾಸ ಇರುವ ಹಿರಿಯರು ಇದ್ದರೆ ಅವರೂ ದನಿ ಕೂಡಿಸಬಹುದು.

ಇನ್ನು ಬಿಟ್ಟದ್ದರ ಲೆಕ್ಕ. ಬಿಂಕದಕಟ್ಟಿಯ ಮೃಗಾಲಯ, ಭೀಷ್ಮ ಕೆರೆಯ ಬಸವಣ್ಣನ ಪ್ರತಿಮೆ ಚಿಕ್ಕ ಮಕ್ಕಳಿದ್ದರೆ ಸರಿ. ನಿಮ್ಮ ದಿನದಲ್ಲಿ ಜಾಗವಿಲ್ಲ. ವೀರೇಶ್ವರ ಪುಣ್ಯಾಶ್ರಮವನ್ನು ಬಿಡುವುದು ನನಗೆ ಸಂಕಟದ ಮಾತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟ ಜಾಗ ಅದು. ಸಂಜೆ ಹೊತ್ತು ಮಿಕ್ಕಿದರೆ ಖಂಡಿತ ಹೋಗಿ, ಆದರೆ ಪ್ರವಾಸಿಯಂತೆ ಕ್ಯಾಮೆರಾ ಹಿಡಿದು ಬೇಡ. ಲಕ್ಷ್ಮೇಶ್ವರದ ಸೋಮೇಶ್ವರಕ್ಕೆ ಬೇರೆಯೇ ದಿನ ಬೇಕು. ಅದನ್ನು ಚಳಿಗಾಲಕ್ಕೆ ಇಟ್ಟುಕೊಂಡರೆ ದಾರಿಯ ಮಾಗಡಿ ಕೆರೆಯಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳೂ ಸಿಗುತ್ತವೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಇಟಗಿಯ ಮಹಾದೇವ ಗುಡಿ, 1112ರದು, ಕೊಪ್ಪಳ ಜಿಲ್ಲೆಯದಾದರೂ ಲಕ್ಕುಂಡಿಯಿಂದ ದೂರವಲ್ಲ. ಮುಂದೆ ಹಂಪಿಗೆ ಹೋಗುವಾಗ ಬನ್ನಿಕೊಪ್ಪದ ಹತ್ತಿರ ಹೆದ್ದಾರಿ ಬಿಟ್ಟು ನೋಡಿಕೊಳ್ಳಿ.

ಎಲ್ಲರಿಗೂ ದಪ್ಪ ಕಾಲುಚೀಲ ಒಯ್ಯಿರಿ, ಹನ್ನೊಂದರ ಮೇಲೆ ಕಲ್ಲಿನ ಜಗತಿ ಬರಿಗಾಲನ್ನು ಸುಡುತ್ತದೆ. ಮಳೆಗಾಲದಲ್ಲಾದರೆ ಹಳ್ಳಿ ರಸ್ತೆಯ ಬದಿಯ ಎರೆ ಮಣ್ಣಿಗೆ ಕಾರಿನ ಗಾಲಿ ಇಳಿಸಬೇಡಿ, ಎತ್ತಲು ಟ್ರ್ಯಾಕ್ಟರೇ ಬೇಕಾಗುತ್ತದೆ. ಯಾವ ಕಾರಣಕ್ಕೋ ಹೊರಡುವುದು ತಡವಾಗಿ ಅರ್ಧ ದಿನವೇ ಕೈಯಲ್ಲಿ ಉಳಿದರೆ ದಂಬಳವನ್ನು ಕೈಬಿಡಿ, ಮಗಳು ಗೊಣಗಿದರೂ ಪರವಾಗಿಲ್ಲ. ಬಸದಿ, ಕಾಶಿವಿಶ್ವೇಶ್ವರ, ಸರಸ್ವತಿ ಗುಡಿ ಈ ಮೂರನ್ನು, ಇದೇ ಸಾಲಿನಲ್ಲಿ, ಬಿಡಬೇಡಿ.